ಸಮಾಧಾನವೂ ಪ್ರಸಾದವಾಗಲಿ



ಮನೆಯಲ್ಲಿ ಹಿರಿಯ ಜೀವವೊಂದು ಹಾಸಿಗೆ ಹಿಡಿದಿದೆ. ಇನ್ನು ಏಳಲಾರದೆಂದು ಎಲ್ಲರಿಗೂ ತಿಳಿದಿದೆ. ಅದರ ಮಗ್ಗುಲಲ್ಲಿ ಹಗಲು ರಾತ್ರಿ ಕುಳಿತವರು ತಮ್ಮ ಮನಸ್ಸಿಗೆ ಸಮಾಧಾನ ತಂದುಕೊಳ್ಳುವುದು ತಪ್ಪೇ? ಹೋಗುವವರು ನೋವಿನಲ್ಲಿರುವಾಗ ಇರುವವರು ನೆಮ್ಮದಿ ಹುಡುಕುವುದು ಸ್ವಾರ್ಥವೇ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ನಮ್ಮ ಯಾರ ಮನೆಗೂ ಒಂದಿಲ್ಲೊಂದು ದಿನ ಬಾರದೆ ಉಳಿಯುವ ಪ್ರಶ್ನೆಯಲ್ಲ ಇದು. ನನಗೆ ಇದು ಒಂದು ಕೌದಿಯ ರೂಪದಲ್ಲಿ ಎದುರಾಯಿತು. ಆದ್ದರಿಂದ ಕೌದಿಯಿಂದಲೇ ಮಾತು ಆರಂಭಿಸುತ್ತೇನೆ.

ನಮ್ಮ ಸೊಲ್ಲಾಪುರ ಚಾದರಿಗೆ ಹೆಸರಾದ ಊರು. ಅಲ್ಲಿಯ ಚಾದರು ದೇಶದ ಮೂಲೆ ಮೂಲೆಗೂ ಹೋಗುತ್ತವೆ. ಆದರೂ ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಗಳಲ್ಲಿ ಹೊದೆಯುವುದಕ್ಕೂ ಹಾಸುವುದಕ್ಕೂ ಕೌದಿಯೇ ಬೇಕು. ಮರಾಠಿ ಬಂಧುಗಳು ಇದನ್ನೇ ಗೋಧಡಿ ಎನ್ನುತ್ತಾರೆ, ವಾಕಳ ಎನ್ನುತ್ತಾರೆ. ಭಾಷೆ ಬೇರೆಯಾದರೂ ಹೊಲಿಗೆ ಒಂದೇ. ಉಟ್ಟು ಹಳೆಯದಾದ ಸೀರೆಗಳನ್ನು ಒಗೆದು ಒಣಗಿಸಿ, ಒಂದರ ಮೇಲೊಂದು ಪದರಾಗಿ ನೆಲದ ಮೇಲೆ ಹರವಿ, ಸುಕ್ಕು ತೆಗೆದು, ದಪ್ಪ ಸೂಜಿ ದಪ್ಪ ದಾರದಿಂದ ಅಂಚಿನಿಂದ ನಡುವಿನತ್ತ ಸಾಲು ಸಾಲಾಗಿ ಹೊಲಿಯುತ್ತಾ ಬರಬೇಕು. ಒಂದು ಸಾಲಿಗೂ ಇನ್ನೊಂದು ಸಾಲಿಗೂ ಬೆರಳಗಲ ಅಂತರ. ಹರಿದ ಕಡೆ ತುಂಡು ಬಟ್ಟೆಯ ತೇಪೆ. ಬಡವರ ಮನೆಯಲ್ಲೂ ಇದು ಆಗುತ್ತದೆ, ಶ್ರೀಮಂತರ ಮನೆಯಲ್ಲೂ ಆಗುತ್ತದೆ. ಕೌದಿಗೆ ಹೊಸ ಬಟ್ಟೆ ತರುವವರಿಲ್ಲ. ಮೈಗೆ ಹತ್ತಿದ ಬಟ್ಟೆಯೇ ಅದಕ್ಕೆ ಬೇಕು.

೨೦೧೭ರ ಮೃಗಶಿರ ಮಳೆಯ ಹೊತ್ತಿಗೆ ನಮ್ಮ ಆಯಿ, ಎಂದರೆ ನಮ್ಮ ತಂದೆಯ ತಾಯಿ, ಅಂಗಳದಲ್ಲಿ ಕಾಲು ಜಾರಿ ಬಿದ್ದಳು. ವಯಸ್ಸು ಎಂಬತ್ತು ದಾಟಿ ಬಹಳ ವರ್ಷವಾಗಿತ್ತು. ತೊಡೆಯ ಮೇಲಿನ ಎಲುಬು ಮುರಿದಿತ್ತು. ಸೊಲ್ಲಾಪುರದಲ್ಲಿ ನೋಡಿದ ವೈದ್ಯರು, ಹೃದಯ ದುರ್ಬಲವಾಗಿದೆ, ಶಸ್ತ್ರಕ್ರಿಯೆ ತಾಳಲಾರರು, ಮನೆಗೆ ಕರೆದೊಯ್ದು ಚೆನ್ನಾಗಿ ನೋಡಿಕೊಳ್ಳಿರಿ ಎಂದರು. ಆ ಮಾತಿನ ಅರ್ಥ ಎಲ್ಲರಿಗೂ ತಿಳಿಯಿತು. ಪಡಸಾಲೆಯಲ್ಲಿ ಹೊರಸು ಹಾಕಿ ಮಲಗಿಸಿದರು. ಗಂಡಸರಿಗೆ ತೊಗರಿ ಬಿತ್ತನೆಯ ಅವಸರ. ಅವ್ವನಿಗೆ ಸೊಂಟದ ನೋವು. ದುಧನಿಯಲ್ಲಿ ಸಂಸಾರ ನಡೆಸುತ್ತಿದ್ದ ನಾನು ಮಕ್ಕಳನ್ನು ಅತ್ತೆಯವರ ಹತ್ತಿರ ಬಿಟ್ಟು ತವರಿಗೆ ಬಂದೆ.

ಆಯಿ ಬೀಳುವ ಮುಂಚೆ ಬೇಸಿಗೆಯಲ್ಲಿ ಒಂದು ಕೌದಿ ಹಾಕಿದ್ದಳು. ಅವಳದೇ ನಾಲ್ಕು ಇಳಕಲ್ ಸೀರೆ, ನಮ್ಮ ಮುತ್ಯಾನ ಒಂದು ಧೋತರ, ಒಳಗೆ ಏನೇನೋ ಹಳೆಯ ತುಂಡು. ಅರ್ಧ ಹೊಲಿದಿದ್ದಳು, ಅರ್ಧ ಉಳಿದಿತ್ತು. ನಾನು ಬಂದ ಮೂರನೆಯ ದಿನ ಗೋಡೆಯ ಕಡೆ ಕೈ ತೋರಿಸಿ ಹೇಳಿದಳು:

"ಯವ್ವಾ, ಆ ಕೌದಿ ಹಂಗ ಉಳೀತು ನೋಡು. ಸುಮ್ಮ ಕುಂದ್ರಬ್ಯಾಡ, ಅದನ್ನ ಮುಗಸು."

ಹೊರಸಿನ ಪಕ್ಕ ಕುಳಿತು ಕೌದಿಯ ಒಂದು ತುದಿಯನ್ನು ಅವಳ ಕಾಲಿನ ಮೇಲೆ ಹಾಸಿ, ಇನ್ನೊಂದು ತುದಿಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಹೊಲಿಯತೊಡಗಿದೆ. ಆಗಾಗ ಅವಳ ಬೆರಳು ಬಟ್ಟೆಯ ಮೇಲೆ ಹರಿದಾಡಿ ನನ್ನ ಹೊಲಿಗೆಯನ್ನು ಮುಟ್ಟಿ ನೋಡುತ್ತಿತ್ತು. "ಸಣ್ಣ ಬರಲಿ, ಸಣ್ಣ ಬರಲಿ" ಎನ್ನುತ್ತಿದ್ದಳು. ಸೂಜಿ ಹಿಡಿಯುವುದನ್ನು ನನಗೆ ಏಳನೆಯ ವರ್ಷದಲ್ಲಿ ಕಲಿಸಿದವಳು ಅವಳೇ. ಆಗಲೂ ಅದೇ ಮಾತು ಹೇಳುತ್ತಿದ್ದಳು.

ಸತ್ಯ ಹೇಳಬೇಕೆಂದರೆ ಆ ಹೊಲಿಗೆ ನನ್ನನ್ನು ಹಿಡಿದು ನಿಲ್ಲಿಸಿತು. ಮೊದಲ ಎರಡು ದಿನ ಬರಿಗೈಯಲ್ಲಿ ಕುಳಿತಾಗ ನನಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ. ಐದು ನಿಮಿಷಕ್ಕೊಮ್ಮೆ ಏನಾದರೂ ನೆಪ ಹುಡುಕಿ ಅಡುಗೆ ಮನೆಗೆ ಹೋಗುತ್ತಿದ್ದೆ, ಹಿತ್ತಲಿಗೆ ಹೋಗುತ್ತಿದ್ದೆ. ಸೂಜಿ ಕೈಗೆ ಬಂದ ಮೇಲೆ ತಾಸುಗಟ್ಟಲೆ ಅಲ್ಲೇ ಕುಳಿತೆ. ಕೈ ಒಂದೇ ಗತಿಯಲ್ಲಿ ಆಡುತ್ತಿದ್ದರೆ ಉಸಿರೂ ಅದೇ ಗತಿಗೆ ಬರುತ್ತದೆ. ಉಸಿರು ಒಂದು ಗತಿಗೆ ಬಂದರೆ ಮನಸ್ಸು ಅಲೆದಾಟ ಬಿಡುತ್ತದೆ. ರುದ್ರಾಕ್ಷಿ ಹಿಡಿದು ಜಪ ಮಾಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಉಪಯೋಗವೂ ಆಯಿತು. ಮಲಗಿದಲ್ಲೇ ಇರುವವರ ಬೆನ್ನು ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕೆಂದು ವೈದ್ಯರು ಹೇಳಿದ್ದರು. ನನ್ನ ಕೈಗೆ ಮೂರು ಸಾಲು ಹೊಲಿಯಲು ಸುಮಾರು ಎರಡು ತಾಸು ಬೇಕಾಗುತ್ತಿತ್ತು. ಮೂರು ಸಾಲಾದೊಡನೆ ಸೂಜಿ ಚುಚ್ಚಿಟ್ಟು, ಮೊಣಕಾಲುಗಳ ನಡುವೆ ದಿಂಬು ಇಟ್ಟು, ಅವ್ವನನ್ನು ಕರೆದು ಇಬ್ಬರೂ ಕೂಡಿ ಮೆಲ್ಲಗೆ ಅವಳನ್ನು ಹೊರಳಿಸುತ್ತಿದ್ದೆವು. ಕೌದಿಯೇ ನಮ್ಮ ಗಡಿಯಾರವಾಗಿತ್ತು.

ಆದರೆ ಓಣಿಯ ಹಿರಿಯಳೊಬ್ಬಳಿಗೆ ಇದು ಸರಿಬರಲಿಲ್ಲ. ಆಯಿಯನ್ನು ನೋಡಲು ಬಂದವಳು ನನ್ನ ಕೈಯಲ್ಲಿ ಸೂಜಿ ಕಂಡು ಬಾಗಿಲಲ್ಲೇ ನಿಂತಳು.

"ಸಾಯೋ ಮನ್ಯಾಗ ಸೂಜಿ ಹಿಡೀತಾರೇನ ತಂಗಿ? ಅದೂ ದೀಪ ಹಚ್ಚೋ ಹೊತ್ತಿನ್ಯಾಗ? ಖರೇನ ದುಃಖ ಇದ್ದರ ಕೈ ಹಿಂಗ ಆಡ್ತಾವೇನ?"

ಅವಳ ಮಾತಿನಲ್ಲಿ ಎರಡು ಆರೋಪಗಳಿದ್ದವು. ಮೊದಲನೆಯದಕ್ಕೆ ಉತ್ತರ ಸುಲಭ. ದೀಪ ಹಚ್ಚಿದ ಮೇಲೆ ಸೂಜಿ ಹಿಡಿಯಬಾರದು, ಅಮಾವಾಸ್ಯೆಗೆ ಹೊಲಿಯಬಾರದು, ಸಾವಿನ ಮನೆಯಲ್ಲಿ ಇಂಥದು ಮುಟ್ಟಬಾರದು ಎಂಬ ಮಾತುಗಳು ನಮ್ಮ ಓಣಿಗಳಲ್ಲಿ ಇನ್ನೂ ಉಳಿದಿವೆ. ಆದರೆ ೧೨ನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದು ಸೂತಕಗಳನ್ನೂ ತೊಡೆದು ಹಾಕಿದರು. ಅಂಗದ ಮೇಲೆ ಲಿಂಗವಿರುವವರಿಗೆ ಸೂತಕವೆಲ್ಲಿಯದು? ಲಿಂಗ ಧರಿಸಿಯೂ ಹೊತ್ತು ಗಳಿಗೆಗೆ ಅಂಜುವುದು ಲಿಂಗದ ಮೇಲಿನ ನಂಬಿಕೆಗೆ ಕುಂದು. ಸೂಜಿಗೆ ಮೈಲಿಗೆ ಎಂದರೆ ಸೂಜಿಯನ್ನೇ ಕಾಯಕ ಮಾಡಿಕೊಂಡು ಶರಣರ ಸಾಲಿನಲ್ಲಿ ಕುಳಿತ ಸೂಜಿಕಾಯಕದ ರಾಮಿತಂದೆಗೆ ಏನು ಹೇಳೋಣ? ನೂಲುವ ಕಾಯಕದ ಕದಿರ ರೆಮ್ಮವ್ವೆಗೆ ಏನು ಹೇಳೋಣ? ಈ ಆರೋಪವನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಎರಡನೆಯದು ಹಾಗಲ್ಲ. ನಿಜವಾದ ದುಃಖವಿದ್ದರೆ ಕೈ ಆಡುತ್ತದೆಯೇ? ಆ ಮಾತು ಮುಳ್ಳಿನಂತೆ ಒಳಗೆ ಉಳಿಯಿತು. ನಾನು ಆಯಿಗಾಗಿ ಕುಳಿತಿದ್ದೇನೋ, ನನ್ನ ಸಮಾಧಾನಕ್ಕಾಗಿ ಕುಳಿತಿದ್ದೇನೋ?

ಇಲ್ಲಿ ನಾನು ಕಂಡ ಇಬ್ಬರು ಗಂಡಸರ ಮಾತು ಹೇಳಬೇಕು. ಒಬ್ಬರು ನನ್ನ ಕಾಕಾ. ಮುತ್ಯಾನ ಕೊನೆಯ ದಿನಗಳಲ್ಲಿ ಅವರು ಹೊರಸಿನ ಕಾಲ ಬಳಿ ಕುಳಿತು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದರು. ಬಾಯಿ ತೆರೆದು ಒಂದು ಮಾತು ಆಡುವವರಲ್ಲ. ಮುತ್ಯಾ ಕೆಮ್ಮಿದರೆ ಸಾಕು, ಹಗ್ಗ ನೆಲಕ್ಕೆ ಬೀಳುತ್ತಿತ್ತು, ಕೈ ಮುತ್ಯಾನ ಬೆನ್ನ ಮೇಲಿರುತ್ತಿತ್ತು. ಹೊಸೆದ ಹುರಿ ಬಿಚ್ಚಿ ಹೋಗುತ್ತಿತ್ತು, ಮತ್ತೆ ಮೊದಲಿನಿಂದ ಹೊಸೆಯುತ್ತಿದ್ದರು. ಇನ್ನೊಬ್ಬರು ಅಡತಿ ಅಂಗಡಿಯ ಸಾಹುಕಾರರು. ತಾಯಿಯ ಹಾಸಿಗೆಯ ಪಕ್ಕದಲ್ಲೇ ಕಿರ್ದಿ ಖಾತೆ ಬಿಚ್ಚಿಕೊಂಡು ಕುಳಿತಿರುತ್ತಿದ್ದರು. ತಾಯಿ ನರಳಿದರೆ, ಲೆಕ್ಕ ತಪ್ಪಬಾರದೆಂದು ತಲೆ ಎತ್ತದೆ, ಆಳುಮಗನಿಗೆ "ನೀರು ಕೊಡು" ಎಂದು ಕೈ ಸನ್ನೆ ಮಾಡುತ್ತಿದ್ದರು. ಇಬ್ಬರೂ ಹಾಸಿಗೆಯ ಪಕ್ಕದಲ್ಲೇ ಕುಳಿತಿದ್ದರು. ಇಬ್ಬರ ಕೈಯಲ್ಲೂ ಕೆಲಸವಿತ್ತು. ಇಬ್ಬರಿಗೂ ಸಂಕಟವಿತ್ತು, ಸಾಹುಕಾರರಿಗೆ ತಾಯಿಯ ಮೇಲೆ ಪ್ರೀತಿಯಿರಲಿಲ್ಲವೆಂದು ನಾನು ಹೇಳಲಾರೆ. ಆದರೂ ಒಬ್ಬರು ಅಲ್ಲಿದ್ದರು, ಇನ್ನೊಬ್ಬರು ಅಲ್ಲಿರಲಿಲ್ಲ.

ಆದ್ದರಿಂದ ಓಣಿಯ ಹಿರಿಯಳಿಗೆ ನಾನು ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡೆ: ದುಃಖಕ್ಕೂ ಕೈ ಆಡುವುದಕ್ಕೂ ವಿರೋಧವಿಲ್ಲ. ಕೈ ಕಟ್ಟಿ ಕುಳಿತವರೆಲ್ಲ ದುಃಖಿಗಳಲ್ಲ, ಕೈ ಆಡಿಸುವವರೆಲ್ಲ ಕಲ್ಲೆದೆಯವರಲ್ಲ. ನಾನು ಕಾಕಾನ ಸಾಲಿನವಳು ಎಂದುಕೊಂಡೆ. ಹಾಗೆ ಅಂದುಕೊಂಡಿದ್ದರಲ್ಲಿ ಸ್ವಲ್ಪ ಅಹಂಕಾರವೂ ಇತ್ತು. ಅದು ಮುಂದೆ ಇಳಿಯಿತು.

ಇಷ್ಟರಲ್ಲಿ ಇನ್ನೊಂದು ಸಂಶಯವೂ ಬಂದಿತು. ಮರಣವನ್ನು ನಮ್ಮ ಧರ್ಮ ಲಿಂಗೈಕ್ಯವೆಂದು ಕರೆಯುತ್ತದೆ. ಶರಣರು ಅದನ್ನು ಹಬ್ಬವೆಂದು ಕಂಡರು. ಹಬ್ಬಕ್ಕೆ ಹೊರಟವರ ಮಗ್ಗುಲಲ್ಲಿ ಕುಳಿತು ಸಮಾಧಾನ ಬೇಡುವುದೇ ನಂಬಿಕೆಯ ಕೊರತೆಯಲ್ಲವೇ? ಬಹಳ ಯೋಚಿಸಿದ ಮೇಲೆ ನನಗೆ ಹೀಗೆ ತೋರಿತು. ಹಬ್ಬ ಹೋಗುವವರಿಗೆ. ಉಳಿಯುವವರಿಗೆ ಅದು ಅಗಲಿಕೆಯೇ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಒಳ್ಳೆಯ ಮನೆಗೆ ಹೋಗುತ್ತಾಳೆಂದು ಗೊತ್ತಿದ್ದರೂ ತಾಯಿ ಅಳುವುದಿಲ್ಲವೇ? ತತ್ತ್ವ ಬಾಯಿಗೆ ಬೇಗ ಬರುತ್ತದೆ, ಎದೆಗೆ ಇಳಿಯಲು ತಡವಾಗುತ್ತದೆ, ನಡುಗುವ ಕೈಗೆ ತಲುಪುವುದು ಎಲ್ಲಕ್ಕೂ ಕೊನೆಗೆ. ಅಲ್ಲಿಯವರೆಗೆ ಕೈಗೆ ಒಂದು ಆಸರೆ ಬೇಕು. ಅದನ್ನು ಬಯಸುವುದು ಪಾಪವಲ್ಲ.

ಈಗ ಆ ರಾತ್ರಿಯ ಮಾತಿಗೆ ಬರುತ್ತೇನೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಆಷಾಢ ಮುಗಿಯುತ್ತ ಬಂದಿತ್ತು. ಕೌದಿಯ ನಡುಭಾಗಕ್ಕೆ ಬಂದಿದ್ದೆ. ಇನ್ನು ಏಳೆಂಟು ಸಾಲು ಉಳಿದಿತ್ತು. ನಡುವಿಗೆ ಬಂದಂತೆ ಸಾಲು ಚಿಕ್ಕದಾಗುತ್ತದೆ, ಕೈಗೆ ಹುಮ್ಮಸ್ಸು ಏರುತ್ತದೆ. ಹೊಲಿದವರಿಗೆ ಇದು ಗೊತ್ತು. ಮನೆಯವರೆಲ್ಲ ಮಲಗಿದ್ದರು. ಹೊರಗೆ ಮಳೆ ಹನಿಯುತ್ತಿತ್ತು. ನನಗೆ ಎಂದೂ ಇಲ್ಲದ ಶಾಂತಿ. ಆಗ ಆಯಿ ಸಣ್ಣ ದನಿಯಲ್ಲಿ, "ಯವ್ವಾ, ನೀರ" ಎಂದಳು.

ನಾನು, "ಬಂದೆ ಆಯಿ, ಇದೊಂದು ಸಾಲು" ಎಂದೆ.

ಆ ಸಾಲು ಮುಗಿಸಿದೆ. ಗಂಟು ಹಾಕಿದೆ. ದಾರ ಕಡಿದೆ. ಲೋಟ ತೆಗೆದುಕೊಂಡು ನೋಡಿದರೆ ಆಯಿ ಕಣ್ಣು ಮುಚ್ಚಿದ್ದಳು. ತುಟಿ ಒಣಗಿ ಬಿರಿದಿತ್ತು. ಕರೆದರೆ ಏಳಲಿಲ್ಲ, ಗಾಢ ನಿದ್ದೆ. ಬೆಳಗಿನವರೆಗೆ ಲೋಟ ಹಿಡಿದು ಕುಳಿತೆ. ನಸುಕಿನಲ್ಲಿ ಕಣ್ಣು ತೆರೆದಾಗ ನಾಲ್ಕು ಚಮಚ ನೀರು ಕುಡಿದಳು. ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನ್ನ ಭಾರ ಇಳಿಯುತ್ತಿತ್ತೇನೋ.

ಬಂಧುಗಳೇ, ಆಕೆ ಆ ರಾತ್ರಿ ತೀರಿಕೊಳ್ಳಲಿಲ್ಲ. ಆಮೇಲೆಯೂ ಹತ್ತಾರು ದಿನ ಇದ್ದಳು. ಹೊರಗಿನವರ ಕಣ್ಣಿಗೆ ಇದು ತಪ್ಪೇ ಅಲ್ಲ. ಆದರೆ ಆ ಒಂದು ಸಾಲಿನಷ್ಟು ಹೊತ್ತು ನಾನು ಕಾಕಾನ ಸಾಲಿನಲ್ಲಿ ಇರಲಿಲ್ಲ, ಸಾಹುಕಾರರ ಸಾಲಿನಲ್ಲಿದ್ದೆ. ಯಾವ ಹೊಲಿಗೆ ನನ್ನನ್ನು ಅವಳ ಮಗ್ಗುಲಲ್ಲಿ ಕೂರಿಸಿತ್ತೋ ಅದೇ ಹೊಲಿಗೆ ನನ್ನನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋಗಿತ್ತು. ಓಣಿಯ ಹಿರಿಯಳು ಕೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ.

ಮನಸ್ಸು ತನ್ನನ್ನು ಸಮರ್ಥಿಸಿಕೊಳ್ಳಲು ಧರ್ಮದ ಮಾತನ್ನೇ ಹಿಡಿಯುತ್ತದೆ. ಕಾಯಕದಲ್ಲಿ ತೊಡಗಿದವರಿಗೆ ಪೂಜೆಯ ವೇಳೆಯೂ ಗುರುವಿನ ಬರವೂ ನೆನಪಾಗದಷ್ಟು ತನ್ಮಯತೆ ಇರಬೇಕೆಂಬ ಅರ್ಥದಲ್ಲಿ ಆಯ್ದಕ್ಕಿ ಮಾರಯ್ಯನವರು ಹೇಳಿದ್ದಾರಲ್ಲ, ನಾನೂ ಕಾಯಕದಲ್ಲಿದ್ದೆನಲ್ಲ ಎಂದು ಒಳಗಿನ ಧ್ವನಿ ವಾದಿಸಿತು. ಆದರೆ ಆ ವಾದದಲ್ಲಿ ಒಂದು ಮೋಸವಿತ್ತು. ಆ ರಾತ್ರಿ ನನ್ನ ಕಾಯಕ ಯಾವುದು? ಕೌದಿಯೇ? ಅಲ್ಲ. ಆಯಿಯ ಸೇವೆ ನನ್ನ ಕಾಯಕ. ಹೊಲಿಗೆ ಆ ಕಾಯಕಕ್ಕೆ ನನ್ನನ್ನು ಕೂರಿಸಿದ ಮಣೆ ಮಾತ್ರ. ಮಣೆಯನ್ನೇ ಪೂಜೆಯೆಂದು ತಿಳಿದರೆ? ಮಾರಯ್ಯನವರ ಮಾತು ನನ್ನನ್ನು ಬಿಡಿಸುವುದಿಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ನಿನ್ನ ಕಾಯಕದಲ್ಲಿ ಉಳಿದುದನ್ನೆಲ್ಲ ಮರೆತೆಯೋ ಎಂದು ಕೇಳಿದರೆ, ಇಲ್ಲ, ಕೌದಿಯನ್ನು ಮರೆಯಲಿಲ್ಲ, ಆಯಿಯನ್ನು ಮರೆತೆ ಎಂದೇ ಹೇಳಬೇಕಾಗುತ್ತದೆ.

ಇದೇ ಮಾರಯ್ಯನವರ ಮಡದಿ ಲಕ್ಕಮ್ಮನವರ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಅಕ್ಕಿ ಆಯುವ ಕಾಯಕದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದದ್ದಕ್ಕಿಂತ ಮಿಕ್ಕಿದ್ದು ನಮ್ಮದಲ್ಲವೆಂದು ಆ ತಾಯಿ ಹಿಂದಕ್ಕೆ ಕಳಿಸಿದರು. ಅಕ್ಕಿಯಲ್ಲಿ ದೋಷವಿರಲಿಲ್ಲ, ಆಯ್ದದ್ದರಲ್ಲೂ ದೋಷವಿರಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚಾದದ್ದೇ ದೋಷ. ಈ ಕಥೆಯನ್ನು ನಾವು ಧಾನ್ಯಕ್ಕೆ, ಹಣಕ್ಕೆ ಅನ್ವಯಿಸಿ ಹೇಳುತ್ತೇವೆ. ಸಮಾಧಾನಕ್ಕೆ ಅನ್ವಯಿಸಿ ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆಯಿಯ ಪಕ್ಕ ಗಟ್ಟಿಯಾಗಿ ಕೂರುವುದಕ್ಕೆ ಎಷ್ಟು ನೆಮ್ಮದಿ ಬೇಕಿತ್ತೋ ಅಷ್ಟು ನನಗೆ ಸಲ್ಲುವಂಥದು. ಅವಳು ನೀರು ಕೇಳಿದ ಮೇಲೆ ಹೊಲಿದ ಆ ಒಂದು ಸಾಲು ಹೆಚ್ಚಿಗೆ ಆಯ್ದ ಅಕ್ಕಿ.

ಇದರ ಹಿಂದೆ ಇನ್ನೂ ದೊಡ್ಡ ತತ್ತ್ವವಿದೆ. ನಮ್ಮಲ್ಲಿ ಯಾವ ಪದಾರ್ಥವನ್ನೂ ನೇರವಾಗಿ ಸೇವಿಸುವುದಿಲ್ಲ. ಮೊದಲು ಲಿಂಗಕ್ಕೆ ಅರ್ಪಿಸುತ್ತೇವೆ. ಅರ್ಪಿಸಿದಾಗ ಪದಾರ್ಥ ಪ್ರಸಾದವಾಗುತ್ತದೆ. ಅನ್ನ ಅದೇ, ರುಚಿ ಅದೇ. ಆದರೆ ಅನರ್ಪಿತವಾದದ್ದು ಭೋಗ, ಅರ್ಪಿತವಾದದ್ದು ಪ್ರಸಾದ. ಅರ್ಪಿಸುವುದೆಂದರೇನು? ಇದು ನನ್ನದಲ್ಲ ಎಂದು ಒಂದು ಕ್ಷಣ ಕೈಬಿಡುವುದು. ಕೈಬಿಟ್ಟದ್ದು ಮರಳಿ ಬಂದರೆ ಅದು ಕೃಪೆ. ಹಾಗಾದರೆ ಮನಸ್ಸಿನ ಸಮಾಧಾನವೂ ಒಂದು ಪದಾರ್ಥವಲ್ಲವೇ? ಅದನ್ನೂ ಅರ್ಪಿಸಿಯೇ ಪಡೆಯಬೇಕಲ್ಲವೇ? "ಯವ್ವಾ, ನೀರ" ಎಂಬ ಕರೆ ಬಂದ ಕ್ಷಣದಲ್ಲಿ ಅರ್ಧ ಸಾಲಿಗೆ ಸೂಜಿ ಬಿಟ್ಟು ಎದ್ದಿದ್ದರೆ ನನ್ನ ನೆಮ್ಮದಿ ಅರ್ಪಿತವಾಗುತ್ತಿತ್ತು. ನೀರು ಕುಡಿಸಿ ಮರಳಿ ಕುಳಿತಾಗ ಅದೇ ನೆಮ್ಮದಿ ಪ್ರಸಾದವಾಗಿ ಸಿಗುತ್ತಿತ್ತು. ನಾನು ಬಿಡಲಿಲ್ಲ. ಹಾಗಾಗಿ ಅದು ಬರೀ ನನ್ನ ಭೋಗವಾಯಿತು.

ಮೊದಲು ಕೇಳಿದ ಪ್ರಶ್ನೆಗೆ ನನಗೆ ದೊರೆತ ಉತ್ತರ ಇಷ್ಟೇ. ಸಾಯುವವರ ಪಕ್ಕದಲ್ಲಿ ಸಮಾಧಾನ ಹೊಂದುವುದು ತಪ್ಪಲ್ಲ. ಕರೆ ಬಂದಾಗ ಆ ಸಮಾಧಾನವನ್ನು ಕೆಳಗಿಡಲಾರದಿರುವುದು ತಪ್ಪು. ಹಾಗೆ ಬಿಡಬಲ್ಲೆವಾದರೆ ಮಾತ್ರ ಅದು ಪ್ರಸಾದವಾಗುತ್ತದೆ.

ಈ ಅಳತೆಗೋಲು ಇಂದಿನ ದಿನಕ್ಕೂ ಬೇಕು. ಈಗ ಹಾಸಿಗೆ ಹಿಡಿದವರ ಪಕ್ಕದಲ್ಲಿ ಕುಳಿತವರ ಕೈಯಲ್ಲಿ ಸೂಜಿ ಕಾಣುವುದು ಅಪರೂಪ, ಮೊಬೈಲು ಎಲ್ಲೆಡೆ. ಸೂಜಿ ಒಳ್ಳೆಯದು, ಮೊಬೈಲು ಕೆಟ್ಟದ್ದು ಎಂದು ನಾನು ಸರಳವಾಗಿ ಹೇಳಲಾರೆ. ನನ್ನ ಸೂಜಿಯೇ ನನ್ನನ್ನು ಎಡವಿಸಿತಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಸೂಜಿ, ಹಗ್ಗ, ಬತ್ತಿ ಹೊಸೆಯುವುದು, ಅಕ್ಕಿ ಬೇಳೆ ಹಸನು ಮಾಡುವುದು, ಇವು ಕೈಯನ್ನು ಹಿಡಿದು ಕಿವಿಯನ್ನು ಬಿಡುತ್ತವೆ. ಮೊಬೈಲು ಕಣ್ಣು, ಕಿವಿ, ಮನಸ್ಸು ಮೂರನ್ನೂ ಬೇರೆ ಊರಿಗೆ ಒಯ್ಯುತ್ತದೆ. ಹಾಸಿಗೆಯ ಪಕ್ಕದಲ್ಲಿ ಮುಖ್ಯವಾಗಿ ಬೇಕಾದದ್ದು ಕಿವಿ.

ಮಲಗಿದವರಿಗೂ ಕೊನೆಯವರೆಗೆ ಕಿವಿ ಇರಬಹುದು. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ೨೦೨೦ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮರಣಕ್ಕೆ ಕೆಲವೇ ಗಂಟೆಗಳಿರುವ, ಮಾತು ಪ್ರತಿಕ್ರಿಯೆ ನಿಂತ ಕೆಲವರ ಮಿದುಳು ಕೂಡ ಧ್ವನಿಗೆ ಸ್ಪಂದಿಸುತ್ತಿದ್ದುದನ್ನು ಅವರು ಗುರುತಿಸಿದರು. ಕೇಳಿದ್ದು ಅವರಿಗೆ ಅರ್ಥವಾಗುತ್ತಿತ್ತೆಂದು ಇದರಿಂದ ಹೇಳಲಾಗದು. ಆದರೂ ಹಾಸಿಗೆಯ ಪಕ್ಕದಲ್ಲಿ ಆಸ್ತಿ ಹಂಚಿಕೆಯ ಮಾತು, ಆಸ್ಪತ್ರೆಯ ಖರ್ಚಿನ ಮಾತು, "ಇನ್ನೆಷ್ಟು ದಿನ" ಎಂಬ ಮಾತು ಆಡುವವರು ಇದನ್ನು ನೆನಪಿಡುವುದು ಒಳ್ಳೆಯದು. ಅಲ್ಲಿ ಆಡಬೇಕಾದದ್ದು ಷಡಕ್ಷರಿ ಮಂತ್ರ, ವಚನ, ಮನೆಯ ಸುದ್ದಿ, ಮೊಮ್ಮಕ್ಕಳ ಸುದ್ದಿ.

ನೀರಿನ ವಿಷಯದಲ್ಲೂ ಒಂದು ಎಚ್ಚರ. ಕೊನೆಯ ದಿನಗಳಲ್ಲಿ ಹಸಿವು ಬಾಯಾರಿಕೆ ತಾವೇ ಕುಗ್ಗುತ್ತವೆ. ನುಂಗಲಾರದವರ ಬಾಯಿಗೆ ಪ್ರೀತಿಯಿಂದಲೇ ಲೋಟದಿಂದ ನೀರು ಹಾಕಿದರೂ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ಹಸಿ ಮಾಡುತ್ತಿರಬೇಕು. ಆ ರಾತ್ರಿಯ ನಂತರ ನಾನು ಸೂಜಿಯ ಪಕ್ಕದಲ್ಲಿ ಸದಾ ಒಂದು ಒದ್ದೆ ಬಟ್ಟೆಯ ಬಟ್ಟಲು ಇಟ್ಟುಕೊಂಡೆ. ಪ್ರತಿ ಸಾಲಿನ ಕೊನೆಗೆ, ಕೇಳಲಿ ಬಿಡಲಿ, ಆಯಿಯ ತುಟಿ ಒರೆಸುತ್ತಿದ್ದೆ. ನನ್ನ ತಪ್ಪಿಗೆ ನಾನು ಕಂಡುಕೊಂಡ ಪ್ರಾಯಶ್ಚಿತ್ತ ಅದು.

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಆಯಿ ಲಿಂಗೈಕ್ಯಳಾದಳು. ಹಿಂದಿನ ದಿನವೇ ಉಸಿರಿನ ಗತಿ ಬದಲಾಗಿತ್ತು. ಒಮ್ಮೆ ದೀರ್ಘ, ಒಮ್ಮೆ ನಿಂತಂತೆ. ಅಪ್ಪ, ಕಾಕಾ ಹೊಲದಿಂದ ಬಂದು ಕುಳಿತರು. ಕೌದಿಯ ಕೊನೆಯ ಸಾಲು ಅರ್ಧವಾಗಿತ್ತು. ನಾನು ಸೂಜಿ ಚುಚ್ಚಿಟ್ಟು ಕೈ ಹಿಡಿದು ಕುಳಿತೆ. ಆ ದಿನ ಕೈಗೆ ಬೇರೆ ಆಸರೆ ಬೇಕೆನಿಸಲಿಲ್ಲ. ಅಷ್ಟು ದಿನ ಹೊಲಿದು ಹೊಲಿದು ಬರಿಗೈಯಲ್ಲಿ ಕೂರುವ ಶಕ್ತಿ ಬಂದಿತ್ತೋ ಏನೋ. ಅಯ್ಯನವರು ಬಂದು ವಿಭೂತಿ ಹಚ್ಚಿದರು. ಮಧ್ಯಾಹ್ನ ಭಜನೆಯೊಂದಿಗೆ ಹೊಲಕ್ಕೆ ಒಯ್ದು, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕುಳಿತ ಭಂಗಿಯಲ್ಲೇ, ವಿಭೂತಿ ಬಿಲ್ವಪತ್ರೆಗಳ ನಡುವೆ, ಮುತ್ಯಾನ ಸಮಾಧಿಯ ಪಕ್ಕದಲ್ಲಿ ಸಮಾಧಿ ಮಾಡಿದರು.

ಮೂರನೆಯ ದಿನ ಓಣಿಯ ಆ ಹಿರಿಯಳು ಮತ್ತೆ ಬಂದಳು. ನಾನು ಕೌದಿಯ ಉಳಿದ ಅರ್ಧ ಸಾಲು ಹೊಲಿಯುತ್ತಿದ್ದೆ. ಈ ಸಲ ಅವಳು ಏನೂ ಅನ್ನಲಿಲ್ಲ. ಪಕ್ಕದಲ್ಲಿ ಕುಳಿತು ಕೌದಿಯ ಮೇಲೆ ಕೈಯಾಡಿಸಿದಳು. "ಇದು ಅಕಿ ನಾಗಪಂಚಮಿಗೆ ಉಟ್ಟಿದ್ದ ಸೀರಿ ಅಲ್ಲೇನ?" ಎಂದು ಕೇಳಿ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕೈಯಿಂದ ಸೂಜಿ ತೆಗೆದುಕೊಂಡು ತಾನೂ ನಾಲ್ಕು ಹೊಲಿಗೆ ಹಾಕಿದಳು. ಅವಳಿಗೆ ನಾನು ಉತ್ತರ ಹೇಳಬೇಕಾಗಿ ಬರಲಿಲ್ಲ. ಅವಳ ಪ್ರಶ್ನೆಗೆ ನಾನು ಇಂದಿಗೂ ಋಣಿ. ಆ ಮುಳ್ಳು ಚುಚ್ಚಿರದಿದ್ದರೆ ಆ ರಾತ್ರಿಯ ತಪ್ಪು ತಪ್ಪೆಂದೇ ನನಗೆ ಕಾಣುತ್ತಿರಲಿಲ್ಲ.

ಆ ಕೌದಿ ಈಗ ದುಧನಿಯಲ್ಲಿ ನಮ್ಮ ಮನೆಯಲ್ಲಿದೆ. ಚಳಿಗಾಲದಲ್ಲಿ ಮಕ್ಕಳು ಹೊದೆಯುತ್ತಾರೆ. ನಡುವಿನಿಂದ ಏಳನೆಯ ಸಾಲು ಯಾವುದೆಂದು ನನಗೆ ಗೊತ್ತು. ಆ ಸಾಲು ಉಳಿದೆಲ್ಲಕ್ಕಿಂತ ಚೆನ್ನಾಗಿ ಬಂದಿದೆ, ಹೊಲಿಗೆ ಬಹಳ ಸಣ್ಣದು. ಮಡಚುವಾಗ ಬೆರಳಿಗೆ ತಾಗುತ್ತದೆ. ಬಿಚ್ಚಿ ಮತ್ತೆ ಹೊಲಿಯಬೇಕೆಂದು ಒಮ್ಮೊಮ್ಮೆ ಅನಿಸಿದರೂ ಬಿಚ್ಚಿಲ್ಲ. ನೆನಪಿಗೆ ಅದು ಇರಲಿ.

ಬಂಧುಗಳೇ, ನಮ್ಮಲ್ಲಿ ಹೆಚ್ಚಿನವರು ಒಕ್ಕಲುತನದವರು, ವ್ಯಾಪಾರದವರು. ಹಿರಿಯರು ಹಾಸಿಗೆ ಹಿಡಿದಾಗ ನಮಗೆ ಬಿತ್ತನೆ ಇರುತ್ತದೆ, ರಾಶಿ ಇರುತ್ತದೆ, ಪೇಟೆಯ ಸವಾಲು ಇರುತ್ತದೆ. ಗಂಡಸರು "ನನಗೆ ನೋಡಲಾಗದು" ಎಂದು ಕಟ್ಟೆಯ ಮೇಲೆ ಹೋಗಿ ಕೂರುತ್ತಾರೆ. ಅದು ಪ್ರೀತಿ ಇಲ್ಲದ್ದರಿಂದಲ್ಲ, ಬರಿಗೈಯಲ್ಲಿ ಕೂರುವುದು ಕಷ್ಟವಾದ್ದರಿಂದ. ಅಂಥವರಿಗೆ ನನ್ನ ಬಿನ್ನಹವಿಷ್ಟೆ: ಕೈಗೆ ಒಂದು ಸಣ್ಣ ಕೆಲಸ ತೆಗೆದುಕೊಂಡು ಒಳಗೆ ಬಂದು ಕುಳ್ಳಿರಿ. ಹಗ್ಗ ಹೊಸೆಯಿರಿ, ಬೀಜ ಆಯಿರಿ, ಚೀಲಕ್ಕೆ ತೇಪೆ ಹಾಕಿರಿ, ಬತ್ತಿ ಮಾಡಿರಿ. ಯಾರಾದರೂ ಆಡಿಕೊಂಡರೆ ಅಂಜಬೇಡಿರಿ. ಆದರೆ ಮೊದಲ ಕರೆಗೇ ಅದನ್ನು ಕೆಳಗಿಡಿರಿ. ಹುರಿ ಬಿಚ್ಚಿದರೆ ಬಿಚ್ಚಲಿ, ಸಾಲು ಅರ್ಧಕ್ಕೆ ನಿಂತರೆ ನಿಲ್ಲಲಿ. ಹಗ್ಗ ನಾಳೆಯೂ ಹೊಸೆಯಬಹುದು, ಕೌದಿ ಮುಂದಿನ ವರ್ಷವೂ ಮುಗಿಯಬಹುದು. ನೀರು ಕೇಳಿದ ದನಿ ಮಾತ್ರ ಇನ್ನೊಮ್ಮೆ ಕೇಳಿಸುವುದೋ ಇಲ್ಲವೋ ಹೇಳಬಲ್ಲವರು ಯಾರು?

ಶರಣು ಶರಣಾರ್ಥಿ.